ತಾರಸಿಯ ಮೇಲಿಂದ ಉಲ್ಕೆಗಳ ಚಿತ್ರ



ಡಿಸೆಂಬರ್ ತಿಂಗಳ ನಡುವಿನಲ್ಲಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಇಂದು ರಾತ್ರಿ ಉಲ್ಕಾವರ್ಷ, ಗಂಟೆಗೆ 120ರಿಂದ 150 ಉಲ್ಕೆಗಳು ಕಾಣಲಿವೆ ಎಂಬ ಸುದ್ದಿ. ಅದನ್ನು ಓದಿದ ನಗರದ ಹುಡುಗ ಹುಡುಗಿಯರು ಊಟ ಮುಗಿಸಿ, ಸ್ವೆಟರ್ ತೊಟ್ಟು, ಒಂಬತ್ತು ಗಂಟೆಗೆ ತಾರಸಿ ಹತ್ತುತ್ತಾರೆ. ಕುತ್ತಿಗೆ ನೋಯುವವರೆಗೆ ಮೇಲೆ ನೋಡುತ್ತಾರೆ. ಕಂಡದ್ದು ಒಂದು ವಿಮಾನ, ಎರಡು ಬಾವಲಿ. ಒಂಬತ್ತೂವರೆಗೆ ಕೆಳಗಿಳಿದು ಮಲಗುತ್ತಾರೆ. ಮರುದಿನ ಹಿಮಾಲಯದ ಯಾವುದೋ ಕಣಿವೆಯಲ್ಲಿ ತೆಗೆದ, ಉಲ್ಕೆಗಳು ಹೂಬಾಣದಂತೆ ಚಿಮ್ಮುವ ಚಿತ್ರವನ್ನು ನೋಡಿ, ನಗರದವರಿಗೆ ಆಕಾಶವೇ ಇಲ್ಲ ಎಂದುಕೊಳ್ಳುತ್ತಾರೆ.

ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದ ಅರ್ಧದ ಬಗ್ಗೆ ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಬೆಂಗಳೂರಿನಂಥ ಊರಿನ ತಾರಸಿಯಿಂದಲೂ ಉಲ್ಕೆಯ ಚಿತ್ರ ತೆಗೆಯಬಹುದು. ಅದಕ್ಕೆ ದುಬಾರಿ ಸಲಕರಣೆಗಿಂತ ಹೆಚ್ಚಾಗಿ ಬೇಕಾದದ್ದು ಒಂದು ಚಿಕ್ಕ ಲೆಕ್ಕದ ತಿಳಿವಳಿಕೆ. ಕತ್ತಲೆಯ ಊರಿನವರಿಗಾಗಿ ಬರೆದ ಸಲಹೆಗಳನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಕೆಲಸ ಕೆಡುತ್ತದೆ. ಏಕೆ ಕೆಡುತ್ತದೆ ಎಂಬುದೇ ಈ ಮಾತುಕತೆಯ ವಸ್ತು.

ಮೊದಲು ಆ 150ರ ಸಂಗತಿಯನ್ನು ನೋಡೋಣ. ಡಿಸೆಂಬರ್ 13-14ರ ರಾತ್ರಿ ಉತ್ತುಂಗಕ್ಕೇರುವ ಈ ಉಲ್ಕಾವರ್ಷದ ಹೆಸರು ಜೆಮಿನಿಡ್. ಇದರ ಉಲ್ಕೆಗಳ ಜಾಡುಗಳನ್ನು ಹಿಂದಕ್ಕೆ ಎಳೆದರೆ ಅವೆಲ್ಲ ಮಿಥುನ ರಾಶಿಯಲ್ಲಿ, ಪುನರ್ವಸುವಿನ ಜೋಡಿ ತಾರೆಗಳ ಪೈಕಿ ಕ್ಯಾಸ್ಟರ್ ತಾರೆಯ ಬಳಿ ಕೂಡುತ್ತವೆ. ನೇರವಾದ ರೈಲುಹಳಿಗಳು ದೂರದಲ್ಲಿ ಒಂದು ಬಿಂದುವಿನಲ್ಲಿ ಸೇರಿದಂತೆ ಕಾಣುತ್ತವಲ್ಲ, ಇದೂ ಅಂಥದೇ ನೋಟ. ಉಲ್ಕೆಗಳು ನಿಜಕ್ಕೂ ಸಮಾಂತರವಾಗಿಯೇ ಬರುತ್ತವೆ. ಪತ್ರಿಕೆಯ ಸಂಖ್ಯೆ ಎರಡು ಷರತ್ತುಗಳ ಮೇಲೆ ನಿಂತಿದೆ. ಆ ಬಿಂದು ನಿಮ್ಮ ನೆತ್ತಿಯ ಮೇಲಿರಬೇಕು, ಮತ್ತು ನಿಮ್ಮ ಆಕಾಶದಲ್ಲಿ ಆರೂವರೆ ಕಾಂತಿಮಾನದ ಮಂದ ತಾರೆಯೂ ಬರಿಗಣ್ಣಿಗೆ ಕಾಣಬೇಕು. ಕಾಂತಿಮಾನದ ಸಂಖ್ಯೆ ದೊಡ್ಡದಾದಷ್ಟೂ ತಾರೆ ಮಂದ ಎಂಬುದನ್ನು ನೆನಪಿಡಿ.

ಮೊದಲನೆಯ ಷರತ್ತು ಗಡಿಯಾರಕ್ಕೆ ಸಂಬಂಧಿಸಿದ್ದು. ಬೆಂಗಳೂರಿನಲ್ಲಿ ಆ ರಾತ್ರಿ ಒಂಬತ್ತು ಗಂಟೆಗೆ ಪುನರ್ವಸು ಪೂರ್ವ ದಿಗಂತದಿಂದ ಸುಮಾರು 16 ಡಿಗ್ರಿ ಮಾತ್ರ ಮೇಲಿರುತ್ತದೆ. ಹತ್ತಕ್ಕೆ ಸುಮಾರು 30 ಡಿಗ್ರಿ. ಎರಡು ಗಂಟೆಯ ಸುಮಾರಿಗೆ 70 ಡಿಗ್ರಿ. ಉಲ್ಕೆಗಳ ಸಂಖ್ಯೆ ಈ ಎತ್ತರದ ಸೈನ್ ಬೆಲೆಗೆ ತಕ್ಕಂತೆ ಏರುತ್ತದೆ. ಹಾಗಾಗಿ ಒಂಬತ್ತಕ್ಕೆ ಪೂರ್ಣ ಸಂಖ್ಯೆಯ ಕಾಲು ಭಾಗ, ಹತ್ತಕ್ಕೆ ಅರ್ಧ, ಎರಡಕ್ಕೆ ಹೆಚ್ಚುಕಡಿಮೆ ಪೂರ್ತಿ. ತ್ರಿಕೋನಮಿತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಕೇಳುವವರು ಇದನ್ನು ಬರೆದಿಟ್ಟುಕೊಳ್ಳಬಹುದು. ಒಂಬತ್ತೂವರೆಗೆ ಮಲಗಿದವರು ಪ್ರದರ್ಶನದ ಪರದೆ ಏಳುವ ಮೊದಲೇ ಮನೆಗೆ ಹೋದವರು.

ಎರಡನೆಯ ಷರತ್ತು ಹೆಚ್ಚು ಕಠಿಣವಾದದ್ದು. ನಿಮ್ಮ ಆಕಾಶ ಎಷ್ಟು ಬೆಳಗಿದೆ ಎಂದು ತಿಳಿಯಲು ಉಪಕರಣ ಬೇಡ, ಡಿಸೆಂಬರಿನ ತಾರೆಗಳೇ ಸಾಕು. ಮಹಾವ್ಯಾಧನ ನಡುಪಟ್ಟಿಯ ಮೂರು ತಾರೆಗಳು ಸುಮಾರು ಎರಡನೆಯ ಕಾಂತಿಮಾನದವು. ಅವನ ತಲೆಯ ಭಾಗದ ಮೃಗಶಿರದ ಮಂದ ತಾರೆ ಕಂಡರೆ ನೀವು ಮೂರೂವರೆಯವರೆಗೆ ಬಂದಿದ್ದೀರಿ. ಕೃತ್ತಿಕೆಯಲ್ಲಿ ಆರನ್ನೂ ಎಣಿಸಿದರೆ ನಾಲ್ಕನ್ನು ದಾಟಿದ್ದೀರಿ. ದೊಡ್ಡ ನಗರದ ನಡುವೆ ನಾಲ್ಕರ ಆಚೆ ಹೋಗುವುದು ಕಷ್ಟ. ಜೆಮಿನಿಡ್ ಉಲ್ಕೆಗಳಲ್ಲಿ ಮಂದವಾದವು ಹೆಚ್ಚು, ಪ್ರಕಾಶಮಾನವಾದವು ಕಡಿಮೆ. ಒಂದು ಕಾಂತಿಮಾನ ಕೆಳಗಿಳಿದರೆ ಒಟ್ಟು ಸಂಖ್ಯೆ ಸುಮಾರು 2.6 ಪಟ್ಟು ಹೆಚ್ಚುತ್ತದೆ. ನಗರದವರು ಆರೂವರೆಯಿಂದ ನಾಲ್ಕಕ್ಕೆ, ಅಂದರೆ ಎರಡೂವರೆ ಮೆಟ್ಟಿಲು ಹಿಂದೆ ಬಂದಿದ್ದಾರೆ. 2.6ರ ಎರಡೂವರೆಯ ಘಾತ ಸುಮಾರು 11. ಆಗ 150 ಹೋಗಿ 14 ಆಯಿತು.

ಹದಿನಾಲ್ಕು! ಇದು ಇಡೀ ಆಕಾಶಕ್ಕೆ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 24 ಮಿಲಿಮೀಟರ್ ಲೆನ್ಸ್ ಹಾಕಿದರೆ ಅದು ನೋಡುವುದು ನಮ್ಮ ಮೇಲಿನ ಆಕಾಶದಲ್ಲಿ ಆರರಲ್ಲೊಂದು ಪಾಲು. ಕ್ಯಾಮೆರಾ ನಿಮ್ಮ ಕಣ್ಣಿನಷ್ಟೇ ಸೂಕ್ಷ್ಮ ಎಂದುಕೊಂಡರೆ ಗಂಟೆಗೆ ಎರಡು ಉಲ್ಕೆ, ಅದೂ ಅತ್ಯುತ್ತಮ ಸಮಯದಲ್ಲಿ. ಇಷ್ಟನ್ನು ಮೊದಲೇ ತಿಳಿದುಕೊಂಡು ತಾರಸಿ ಹತ್ತಿದವರಿಗೆ ನಿರಾಸೆ ಆಗುವುದಿಲ್ಲ. ರಾತ್ರಿಯೆಲ್ಲ ಕುಳಿತು ಬೆರಳೆಣಿಕೆಯಷ್ಟು ಸಿಕ್ಕರೆ ಅದು ಫಸಲೇ.

ಈ ಉಲ್ಕೆಗಳ ಮೂಲದ ಕಥೆ ಸ್ವಾರಸ್ಯದ್ದು, ಆದರೆ ನಾನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಬಹುತೇಕ ಉಲ್ಕಾವರ್ಷಗಳು ಧೂಮಕೇತುಗಳು ಉದುರಿಸಿದ ಧೂಳಿನಿಂದ ಆಗುತ್ತವೆ. ಜೆಮಿನಿಡ್‌ಗಳ ತಾಯಿಕಾಯ ಫೇಥಾನ್ ಮಾತ್ರ ಕ್ಷುದ್ರಗ್ರಹವೆಂದು ಎಣಿಸಲ್ಪಟ್ಟದ್ದು. ಐರಾಸ್ ಎಂಬ ಉಪಗ್ರಹದ ಚಿತ್ರಗಳಲ್ಲಿ ಅದು 1983ರಲ್ಲಿ ಪತ್ತೆಯಾಯಿತು. ಅದರ ಕಕ್ಷೆ ಜೆಮಿನಿಡ್‌ಗಳ ಕಕ್ಷೆಯೇ ಎಂದು ಫ್ರೆಡ್ ವಿಪ್ಪಲ್ ತೋರಿಸಿಕೊಟ್ಟರು. ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಅದು ಬುಧನ ಕಕ್ಷೆಗಿಂತಲೂ ಒಳಗೆ ನುಗ್ಗಿ ಸೂರ್ಯನನ್ನು ಸುತ್ತಿ ಬರುತ್ತದೆ. ಅದರ ಮರಳಿನಷ್ಟು, ಕಡಲೆಕಾಳಿನಷ್ಟು ಚೂರುಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ನಮ್ಮ ವಾಯುಮಂಡಲಕ್ಕೆ ಬಡಿದು, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಉರಿದುಹೋಗುತ್ತವೆ. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಸೆಕೆಂಡಿನ ಹಾದಿ. ಹಾಗೆ ನೋಡಿದರೆ ಜೆಮಿನಿಡ್‌ಗಳು ನಿಧಾನಸ್ಥರು. ನವೆಂಬರಿನ ಲಿಯೊನಿಡ್‌ಗಳ ವೇಗ ಇದರ ಎರಡರಷ್ಟು. ಆಗಸ್ಟಿನ ಪರ್ಸಿಡ್‌ಗಳು ಪಶ್ಚಿಮದ ದೇಶಗಳಲ್ಲಿ ಬಹಳ ಪ್ರಸಿದ್ಧ. ನಮಗೆ ಆಗ ಮಳೆಗಾಲ. ಮೋಡದ ಕೆಳಗೆ ಕುಳಿತು ಅವುಗಳ ಬಗ್ಗೆ ಓದಿಕೊಳ್ಳಬಹುದು, ಅಷ್ಟೆ.

ಉಲ್ಕೆಯ ಮೊತ್ತಮೊದಲ ಛಾಯಾಚಿತ್ರ ಒಂದು ನಗರದಿಂದಲೇ ತೆಗೆದದ್ದು ಎಂಬುದು ನಿಮಗೆ ಸಂತೋಷದ ಸುದ್ದಿಯಾಗಬಹುದು. 1885ರ ನವೆಂಬರ್ 27ರಂದು ಪ್ರಾಗ್ ನಗರದಲ್ಲಿ ಲಾಡಿಸ್ಲಾವುಸ್ ವೈನೆಕ್ ಎಂಬ ಖಗೋಳಜ್ಞರು ಗಾಜಿನ ಫಲಕದ ಮೇಲೆ ಅದನ್ನು ಹಿಡಿದರು. ಅಂದಿನ ಉಲ್ಕಾವರ್ಷ ಬೀಲಾ ಎಂಬ ಧೂಮಕೇತುವಿನ ಅವಶೇಷ. ಆ ಧೂಮಕೇತು 1846ರಲ್ಲಿ ಎಲ್ಲರ ಕಣ್ಣೆದುರೇ ಎರಡಾಗಿ ಒಡೆದಿತ್ತು, 1852ರ ನಂತರ ಮತ್ತೆ ಕಾಣಲೇ ಇಲ್ಲ. ಅಂದು ಆಕಾಶದಲ್ಲಿ ಉಲ್ಕೆಗಳ ಸುರಿಮಳೆಯೇ ಇತ್ತು, ವಿದ್ಯುದ್ದೀಪಗಳ ಕಾಟ ಇಂದಿನಂತೆ ಇರಲಿಲ್ಲ. ನಮಗೆ ಉಲ್ಕೆ ಕಡಿಮೆ, ದೀಪ ಹೆಚ್ಚು. ಆದರೆ ನಮ್ಮ ಕೈಯಲ್ಲಿರುವ ಸಂವೇದಕ ಆ ಗಾಜಿನ ಫಲಕಕ್ಕಿಂತ ಎಷ್ಟೋ ಪಟ್ಟು ಚುರುಕು.

ಈಗ ಮುಖ್ಯ ಲೆಕ್ಕಕ್ಕೆ ಬರೋಣ.

ತಾರೆಯ ಚಿತ್ರ ತೆಗೆಯುವಾಗ ಷಟರ್ ಹೆಚ್ಚು ಹೊತ್ತು ತೆರೆದಷ್ಟೂ ಹೆಚ್ಚು ಮಂದ ತಾರೆಗಳು ಮೂಡುತ್ತವೆ ಎಂದು ನೀವು ಕೇಳಿರಬಹುದು. ತಾರೆ ಒಂದೇ ಕಡೆ ಇದ್ದು ಬೆಳಕು ಕೊಡುತ್ತಲೇ ಇರುತ್ತದೆ, ಆದ್ದರಿಂದ ಅದು ಸರಿ. ಉಲ್ಕೆ ಹಾಗಲ್ಲ, ಓಡುವ ವಸ್ತು. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲಿಗೆ ವಿಕಲೆ ಎಂದು ಹೆಸರು. 24 ಮಿಲಿಮೀಟರ್ ಲೆನ್ಸಿನ ಹಿಂದೆ ಸಂವೇದಕದ ಒಂದೊಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 50 ವಿಕಲೆಯಷ್ಟು ಜಾಗವನ್ನು ನೋಡುತ್ತದೆ. ಉಲ್ಕೆ ಸೆಕೆಂಡಿಗೆ 10 ಡಿಗ್ರಿಯಂತೆ ಓಡಿದರೆ ಅದು ಸೆಕೆಂಡಿಗೆ 36,000 ವಿಕಲೆ ಆಯಿತು. ಭಾಗಿಸಿ ನೋಡಿ. ಒಂದು ಪಿಕ್ಸೆಲ್ ಮೇಲೆ ಉಲ್ಕೆಯ ಬೆಳಕು ಬೀಳುವುದು ಸೆಕೆಂಡಿನ ಸುಮಾರು 700ರಲ್ಲೊಂದು ಭಾಗ ಕಾಲ. ನೀವು ಷಟರನ್ನು 5 ಸೆಕೆಂಡು ತೆರೆಯಿರಿ, 30 ಸೆಕೆಂಡು ತೆರೆಯಿರಿ, ಉಲ್ಕೆಯಿಂದ ಆ ಪಿಕ್ಸೆಲ್ಲಿಗೆ ಸಿಗುವ ಬೆಳಕು ಅಷ್ಟೇ, ಒಂದು ಹನಿಯೂ ಹೆಚ್ಚುವುದಿಲ್ಲ.

ಹೆಚ್ಚುವುದು ಯಾವುದು? ನಗರದ ಆಕಾಶದ ಹೊಳಪು. ಅದು ಷಟರ್ ತೆರೆದಷ್ಟು ಹೊತ್ತೂ ಸುರಿಯುತ್ತಲೇ ಇರುತ್ತದೆ. ನಲ್ಲಿಯ ಕೆಳಗೆ ಪಾತ್ರೆ ಇಟ್ಟಿದ್ದೀರಿ, ಯಾರೋ ಒಂದು ಚಿಟಿಕೆ ಅರಿಶಿನ ಹಾಕಿ ಹೋದರು ಎಂದುಕೊಳ್ಳಿ. ಒಂದು ಲೋಟ ನೀರು ತುಂಬಿದಾಗ ನಲ್ಲಿ ನಿಲ್ಲಿಸಿದರೆ ಅರಿಶಿನದ ಬಣ್ಣ ಚೆನ್ನಾಗಿ ಕಾಣುತ್ತದೆ. ಕೊಳಗ ತುಂಬುವವರೆಗೆ ಬಿಟ್ಟರೆ ಅದೇ ಚಿಟಿಕೆ ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಹಳ್ಳಿಯ ಕತ್ತಲಲ್ಲಿ ನಲ್ಲಿ ಹನಿಹನಿಯಾಗಿ ತೊಟ್ಟಿಕ್ಕುತ್ತದೆ, ಆದ್ದರಿಂದ ಅಲ್ಲಿ 20 ಸೆಕೆಂಡು ತೆರೆಯಬಹುದು. ನಗರದಲ್ಲಿ ನಲ್ಲಿ ಭೋರ್ಗರೆಯುತ್ತಿದೆ.

ಇದರಿಂದ ಒಂದು ಸ್ಪಷ್ಟ ನಿಯಮ ಹುಟ್ಟುತ್ತದೆ. ಚಿತ್ರ ಬೆಳ್ಳಗಾಗುತ್ತಿದೆ ಎಂದಾಗ ಮೊದಲು ಕಡಿಮೆ ಮಾಡಬೇಕಾದದ್ದು ಷಟರಿನ ಸಮಯ. ಸಮಯ ಕಡಿಮೆಯಾದರೆ ನಷ್ಟ ಆಕಾಶದ ಹೊಳಪಿಗೆ ಮಾತ್ರ. ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಕಿರಿದು ಮಾಡಿದರೆ ಉಲ್ಕೆಯ ಬೆಳಕೂ ಹೋಗುತ್ತದೆ. ಎಫ್/2ರಿಂದ ಎಫ್/4ಕ್ಕೆ ಇಳಿಸಿದರೆ ಬೆಳಕು ಕಾಲು ಭಾಗಕ್ಕೆ ಬೀಳುತ್ತದೆ. ಆದ್ದರಿಂದ ಕಿಂಡಿ ಸದಾ ಪೂರ್ತಿ ತೆರೆದೇ ಇರಲಿ. ಎಫ್/2.8 ಅಥವಾ ಅದಕ್ಕಿಂತ ಅಗಲವಾದ ಕಿಂಡಿಯ ಲೆನ್ಸ್ ಸಿಕ್ಕರೆ ಒಳ್ಳೆಯದು. ಕ್ಯಾಮೆರಾ ಜೊತೆಗೆ ಬರುವ 18 ಮಿಲಿಮೀಟರ್, ಎಫ್/3.5 ಲೆನ್ಸ್ ಆದರೂ ಬಿಡಬೇಡಿ, ಪ್ರಕಾಶಮಾನವಾದ ಉಲ್ಕೆಗಳನ್ನು ಅದು ಹಿಡಿಯುತ್ತದೆ.

ಐಎಸ್‌ಒ 1600, ಸಮಯ 5 ಸೆಕೆಂಡು ಎಂದು ಪ್ರಾರಂಭಿಸಿ ಒಂದು ಚಿತ್ರ ತೆಗೆಯಿರಿ. ಕ್ಯಾಮೆರಾದ ಪರದೆಯಲ್ಲಿ ಬೆಳಕಿನ ನಕ್ಷೆಯನ್ನು ತೋರಿಸುವ ಸೌಲಭ್ಯವಿದೆ. ಅದರ ಗುಡ್ಡ ಎಡಗಡೆಯಿಂದ ಮೂರರಲ್ಲೊಂದು ಭಾಗದ ಆಸುಪಾಸಿನಲ್ಲಿದ್ದರೆ ಸರಿ. ನಡುವನ್ನು ದಾಟಿ ಬಲಕ್ಕೆ ಹೋಗಿದ್ದರೆ ಸಮಯವನ್ನು 3 ಸೆಕೆಂಡಿಗೆ ಇಳಿಸಿ. ಹಾಗಾದರೆ ಒಂದೇ ಸೆಕೆಂಡು ಸಾಲದೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ತೀರ ಚಿಕ್ಕದು ಮಾಡಿದರೆ ಎರಡು ತೊಂದರೆ. ಒಂದು, ಪ್ರತಿ ಚಿತ್ರದಲ್ಲೂ ಕ್ಯಾಮೆರಾದ ಸ್ವಂತ ಗದ್ದಲ ಸೇರುತ್ತದೆ. ಇನ್ನೊಂದು ಹೆಚ್ಚು ಮುಖ್ಯ. ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕ್ಯಾಮೆರಾ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತದೆ. ಪ್ರತಿ 8 ಸೆಕೆಂಡಿನ ಚಿತ್ರದ ನಂತರ 1 ಸೆಕೆಂಡು ಬಿಡುವು ಎಂದರೆ ರಾತ್ರಿಯ ಒಂಬತ್ತರಲ್ಲೊಂದು ಪಾಲು ಹೋಯಿತು. 1 ಸೆಕೆಂಡಿನ ಚಿತ್ರಕ್ಕೆ 1 ಸೆಕೆಂಡು ಬಿಡುವು ಎಂದರೆ ಅರ್ಧ ರಾತ್ರಿಯೇ ಹೋಯಿತು. ಒಳ್ಳೆಯ ಉಲ್ಕೆ ಆ ಬಿಡುವಿನಲ್ಲೇ ಬರುತ್ತದೆ ಎಂಬುದು ಛಾಯಾಗ್ರಾಹಕರ ಹಳೆಯ ಗೋಳು.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತು. ದೀರ್ಘ ಚಿತ್ರಗಳ ಗದ್ದಲವನ್ನು ಕಡಿಮೆ ಮಾಡುವ ಸೌಲಭ್ಯವೊಂದು ಅನೇಕ ಕ್ಯಾಮೆರಾಗಳಲ್ಲಿರುತ್ತದೆ. ಅದು ಚಾಲೂ ಇದ್ದರೆ ಕ್ಯಾಮೆರಾ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಷಟರ್ ಮುಚ್ಚಿಕೊಂಡು ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತದೆ. ನಿಮಗೆ ತಿಳಿಯದಂತೆ ಅರ್ಧ ರಾತ್ರಿ ಕಳೆದುಹೋಗುತ್ತದೆ. ಅದನ್ನು ಹುಡುಕಿ ಆರಿಸಿಬಿಡಿ. ಮೊಬೈಲಿನ ರಾತ್ರಿ ವಿಧಾನವೂ ಹೀಗೆಯೇ ಅನುಮಾನಾಸ್ಪದ. ಅದು ಹಲವು ಚಿತ್ರಗಳನ್ನು ಕೂಡಿಸಿ ಒಂದು ಮಾಡುತ್ತದೆ, ಒಂದರಲ್ಲಿ ಮಾತ್ರ ಇದ್ದ ಗೆರೆಯನ್ನು ದೋಷವೆಂದು ತಿಳಿದು ಅಳಿಸಿಬಿಡಲೂಬಹುದು. ಮೊಬೈಲೊಂದೇ ಇರುವವರು ಸಮಯ, ಐಎಸ್‌ಒಗಳನ್ನು ನಾವೇ ನಿಗದಿ ಮಾಡುವ ವಿಧಾನವನ್ನು ಬಳಸಿ. ಅದರ ಲೆನ್ಸಿನ ಕಿಂಡಿ ಬಹಳ ಚಿಕ್ಕದು, ಆದ್ದರಿಂದ ಬಹಳ ಪ್ರಕಾಶಮಾನವಾದ ಉಲ್ಕೆ ಮಾತ್ರ ಸಿಗುತ್ತದೆ.

ಐದು ಗಂಟೆ ಕಾಲ 8 ಸೆಕೆಂಡಿನ ಚಿತ್ರಗಳನ್ನು ಒಂದರ ಹಿಂದೊಂದು ತೆಗೆದರೆ ಎರಡು ಸಾವಿರದ ಮೇಲಾಗುತ್ತವೆ. 64 ಜಿಬಿಯ ಕಾರ್ಡು, ಇನ್ನೊಂದು ಬ್ಯಾಟರಿ ಬೇಕು. ಷಟರ್ ಒತ್ತಿ ಹಿಡಿಯುವ ತಂತಿ ಸ್ವಿಚ್ಚು ಇಲ್ಲದಿದ್ದರೆ ಕ್ಯಾಮೆರಾವನ್ನು ನಿರಂತರ ವಿಧಾನಕ್ಕೆ ಹಾಕಿ, ಗುಂಡಿಯ ಮೇಲೆ ಸಣ್ಣ ರಟ್ಟಿನ ಚೂರಿಟ್ಟು ರಬ್ಬರ್ ಬ್ಯಾಂಡ್ ಬಿಗಿದರೂ ಕೆಲಸ ನಡೆಯುತ್ತದೆ. ಫೋಕಸನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ಲುಬ್ಧಕದ ಮೇಲೆ ಕೈಯಿಂದಲೇ ಮಾಡಿ. ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ತಾರೆ ಅತ್ಯಂತ ಚಿಕ್ಕ ಚುಕ್ಕೆಯಾದಾಗ ಲೆನ್ಸಿನ ಉಂಗುರಕ್ಕೆ ಟೇಪು ಅಂಟಿಸಿ.

ಕ್ಯಾಮೆರಾವನ್ನು ಎತ್ತ ತಿರುಗಿಸಬೇಕು? ಕತ್ತಲ ಊರಿನಲ್ಲಿ ದಿಗಂತದ ಮರ, ಗುಡ್ಡಗಳನ್ನೂ ಚೌಕಟ್ಟಿಗೆ ಸೇರಿಸುತ್ತಾರೆ, ಚಿತ್ರ ಅಂದವಾಗುತ್ತದೆ. ನಗರದಲ್ಲಿ ಆ ಆಸೆ ಬೇಡ. ದಿಗಂತದ ಕಡೆ ನೋಡಿದರೆ ನೀವು ಹಲವು ಕಿಲೋಮೀಟರ್ ದಪ್ಪದ ಧೂಳು, ಹೊಗೆ, ದೀಪಗಳ ಮೂಲಕ ನೋಡುತ್ತೀರಿ. ನೆತ್ತಿಯ ಕಡೆ ಆ ಪದರ ತೆಳು. ದಿಗಂತದಿಂದ 60 ಡಿಗ್ರಿಯಷ್ಟು ಮೇಲೆ, ಊರಿನ ನಡುಭಾಗಕ್ಕೆ ಬೆನ್ನು ಮಾಡಿ, ಪುನರ್ವಸುವಿನಿಂದ 30-40 ಡಿಗ್ರಿ ಆಚೆಗೆ ತಿರುಗಿಸಿ. ಬೀದಿದೀಪ ಲೆನ್ಸಿನ ಮೇಲೆ ನೇರವಾಗಿ ಬೀಳದಂತೆ ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ಟ್ರೈಪಾಡ್ ಇಡಿ. ಟ್ಯಾಂಕಿಗೆ ಇಷ್ಟು ಒಳ್ಳೆಯ ಉಪಯೋಗ ಇನ್ನೊಂದಿಲ್ಲ.

ನಸುಕಿನ ಹೊತ್ತಿಗೆ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಉಳುಕಿಗೆ ಕಾವು ಕೊಡಲು ಮನೆಯಲ್ಲಿ ಉಪ್ಪು ಹುರಿದು ಗಂಟು ಕಟ್ಟುತ್ತಾರಲ್ಲ, ಅಂಥ ಗಂಟನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿರುವಾಗ ಲೆನ್ಸಿನ ಕೊಳವೆಗೆ ಕಟ್ಟಿ. ಗಾಜಿಗೆ ತಾಗದಿರಲಿ. ಕೊನೆಯದಾಗಿ ಅಕ್ಕಪಕ್ಕದ ಮನೆಯವರಿಗೆ ಮುಂಚೆಯೇ ತಿಳಿಸಿ. ನಡುರಾತ್ರಿ ತಾರಸಿಯ ಮೇಲೆ ಕ್ಯಾಮೆರಾ ಹಿಡಿದು ನಿಂತವರನ್ನು ಯಾರೂ ಖಗೋಳಜ್ಞರೆಂದು ತಿಳಿಯುವುದಿಲ್ಲ.

ಚಂದ್ರನೂ ನಮಗೆ ಬೀದಿದೀಪವೇ. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿಕೊಳ್ಳಿ. 2023ರಲ್ಲಿ ಡಿಸೆಂಬರ್ 12ಕ್ಕೆ ಅಮಾವಾಸ್ಯೆ ಇತ್ತು, ಜೆಮಿನಿಡ್‌ಗಳಿಗೆ ಅದಕ್ಕಿಂತ ಒಳ್ಳೆಯ ವರ್ಷ ಬೇಕಿರಲಿಲ್ಲ. 2024ರಲ್ಲಿ 15ಕ್ಕೆ ಹುಣ್ಣಿಮೆ ಬಂದು ಎಲ್ಲ ತೊಳೆದುಹೋಯಿತು. ಚಂದ್ರನ ಬೆಳಕಿಗೆ ನಾವೇನೂ ಮಾಡಲಾಗದು. ದೀಪಗಳ ವಿಷಯ ಬೇರೆ.

ಹಿಂದೆ ನಮ್ಮ ಬೀದಿಗಳಲ್ಲಿ ಸೋಡಿಯಂ ದೀಪಗಳ ಹಳದಿ ಬೆಳಕು ಇತ್ತು. ಅದರ ಬಹುಭಾಗ 589 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನಲ್ಲಿತ್ತು. ಆ ಹಳದಿಯನ್ನು ಮಾತ್ರ ತಡೆಯುವ ಗಾಜನ್ನು ಲೆನ್ಸಿನ ಮುಂದೆ ಹಾಕಿದರೆ ಆಕಾಶ ಒಂದಷ್ಟು ಕಪ್ಪಾಗುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಬೀದಿದೀಪ ಕಾರ್ಯಕ್ರಮ ಆರಂಭವಾದ ಮೇಲೆ ದೇಶದ ಊರೂರುಗಳಲ್ಲಿ ಎಲ್‌ಇಡಿ ದೀಪಗಳು ಬಂದವು. ವಿದ್ಯುತ್ತು ಉಳಿಯಿತು, ಅದು ಸಣ್ಣ ಲಾಭವಲ್ಲ. ನೀಲಿ ಎಲ್‌ಇಡಿಯನ್ನು ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರ ನೊಬೆಲ್ ಬಹುಮಾನ ಬಂದದ್ದೂ ನ್ಯಾಯವೇ. ಆದರೆ ಬಿಳಿ ಎಲ್‌ಇಡಿಯ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿದೆ, 450 ನ್ಯಾನೊಮೀಟರಿನ ಸುಮಾರಿನ ನೀಲಿಯಲ್ಲಿ ಅದಕ್ಕೊಂದು ಶಿಖರವಿದೆ. ಗಾಳಿಯ ಅಣುಗಳಿಂದಾಗುವ ಚದುರಿಕೆ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮ ಎಂದು ರ‍್ಯಾಲೆ ನಿಯಮ ಹೇಳುತ್ತದೆ. 589ನ್ನು 450ರಿಂದ ಭಾಗಿಸಿ ನಾಲ್ಕನೆಯ ಘಾತಕ್ಕೇರಿಸಿ ನೋಡಿ, ಸುಮಾರು ಮೂರು ಬರುತ್ತದೆ. ಹಳದಿಗಿಂತ ನೀಲಿ ಮೂರು ಪಟ್ಟು ಹೆಚ್ಚು ಚದುರಿ ಆಕಾಶವನ್ನು ಬೆಳಗುತ್ತದೆ. ಹಳೆಯ ಗಾಜು ಈಗ ಹೆಚ್ಚು ನೆರವಿಗೆ ಬಾರದು. ದೀಪಕ್ಕೆ ಟೋಪಿ ಹಾಕಿ ಬೆಳಕನ್ನು ರಸ್ತೆಗೆ ಮಾತ್ರ ಇಳಿಸುವುದು, ನಸುಹಳದಿ ಛಾಯೆಯ ಎಲ್‌ಇಡಿ ಬಳಸುವುದು, ಇವೆರಡೇ ನಿಜವಾದ ಪರಿಹಾರ. ಮೇಲಕ್ಕೆ ಹೋದ ಬೆಳಕಿಗೂ ಮೀಟರ್ ಓಡುತ್ತದೆ, ಅದರ ಬಿಲ್ಲನ್ನೂ ನಾವೇ ಕಟ್ಟುತ್ತೇವೆ.

ವೃತ್ತಿಯಲ್ಲಿರುವ ಖಗೋಳಜ್ಞರು ಇದಕ್ಕೆ ಕಂಡುಕೊಂಡ ದಾರಿ ದೂರ ಹೋಗುವುದು. ಕೋರಮಂಗಲದಲ್ಲಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ದೂರದರ್ಶಕಗಳು ತಮಿಳುನಾಡಿನ ಕಾವಲೂರಿನಲ್ಲಿ, ಲಡಾಖಿನ ಹಾನ್ಲೆಯಲ್ಲಿ ಇವೆ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ. ಆ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ನಿಮಗೆ ಹಾನ್ಲೆಗೆ ಹೋಗುವ ಅವಕಾಶ ಸಿಕ್ಕರೆ ಖಂಡಿತ ಹೋಗಿ. ಅಲ್ಲಿಯವರೆಗೆ ತಾರಸಿ ಇದೆ.

ನನ್ನ ವೃತ್ತಿಯಲ್ಲಿ ಚಿತ್ರವೆಂದರೆ ಸೆಕೆಂಡಿಗೆ 25 ಚೌಕಟ್ಟುಗಳು. ಆದ್ದರಿಂದ ವಿಡಿಯೊ ಬಗ್ಗೆ ಎರಡು ಮಾತು ಹೇಳದೆ ಬಿಡಲಾರೆ. ಮೇಲಿನ ಲೆಕ್ಕವನ್ನು ಅದರ ಕೊನೆಯವರೆಗೆ ಒಯ್ದರೆ ನೀವು ವಿಡಿಯೊಗೇ ಬಂದು ನಿಲ್ಲುತ್ತೀರಿ. ಪ್ರತಿ ಚೌಕಟ್ಟಿಗೂ 25ರಲ್ಲೊಂದು ಸೆಕೆಂಡು. ಆಕಾಶದ ಹೊಳಪು ತುಂಬಲು ಸಮಯವೇ ಇಲ್ಲ, ನಡುವೆ ಬಿಡುವೂ ಇಲ್ಲದಷ್ಟು ಕಡಿಮೆ. ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್ ಎಂಬ ಅಂತರರಾಷ್ಟ್ರೀಯ ಜಾಲದಲ್ಲಿ ಹವ್ಯಾಸಿಗಳು ಅಂಗಡಿಗಳಲ್ಲಿ ಕಾವಲಿಗೆ ಹಾಕುವ ಸಿಸಿಟಿವಿ ಕ್ಯಾಮೆರಾಗಳ ಭಾಗಗಳನ್ನೇ ಬಳಸಿ ಪ್ರತಿ ರಾತ್ರಿ ಉಲ್ಕೆಗಳನ್ನು ಹಿಡಿಯುತ್ತಾರೆ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೇಲೆ ಸುಮಾರು 20 ಮೀಟರ್ ಗಾತ್ರದ ಬಂಡೆಯೊಂದು ಸಿಡಿಯಿತು. ಕಿಟಕಿ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಬಂಡೆ ಯಾವ ಕಕ್ಷೆಯಿಂದ ಬಂತು ಎಂದು ವಿಜ್ಞಾನಿಗಳು ಲೆಕ್ಕ ಹಾಕಲು ನೆರವಾದದ್ದು ಕಾರುಗಳಲ್ಲಿ, ಬೀದಿಗಳಲ್ಲಿ ಇದ್ದ ಸಾಮಾನ್ಯ ಕ್ಯಾಮೆರಾಗಳು. ನಗರದಲ್ಲಿ ಕತ್ತಲೆ ಕಡಿಮೆ, ಕ್ಯಾಮೆರಾ ಹೆಚ್ಚು.

ಬೆಳಗಾದ ಮೇಲೆ ಎರಡು ಸಾವಿರ ಚಿತ್ರಗಳನ್ನು ಒಂದೊಂದಾಗಿ ನೋಡುವ ಕೆಲಸ ಇರುತ್ತದೆ. ಬೇಸರ ಬರುತ್ತದೆ, ಆದರೂ ನೋಡಿ. ಗೆರೆಗಳೆಲ್ಲ ಉಲ್ಕೆಗಳಲ್ಲ. ವಿಮಾನದ ಗೆರೆಯಲ್ಲಿ ಮಿಣುಕುವ ಚುಕ್ಕೆಗಳಿರುತ್ತವೆ. ಉಪಗ್ರಹದ ಗೆರೆ ಒಂದೇ ದಪ್ಪವಾಗಿದ್ದು ಮುಂದಿನ ಚಿತ್ರದಲ್ಲಿ ಮುಂದುವರಿಯುತ್ತದೆ. 2019ರಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಸಾಲುಸಾಲಾಗಿ ಹಾರತೊಡಗಿದ ಮೇಲೆ ಈ ಗೊಂದಲ ಹೆಚ್ಚಿದೆ. ಉಲ್ಕೆ ಸಾಮಾನ್ಯವಾಗಿ ಒಂದೇ ಚಿತ್ರದಲ್ಲಿರುತ್ತದೆ, ಎರಡು ತುದಿಯಲ್ಲೂ ಸಣ್ಣಗಾಗಿ ನಡುವೆ ದಪ್ಪಗಿರುತ್ತದೆ. ಅದು ಜೆಮಿನಿಡ್ ಹೌದೋ ಅಲ್ಲವೋ ಎಂದು ತಿಳಿಯಲು ಜಾಡಿಗೆ ಅಡಿಪಟ್ಟಿ ಇಟ್ಟು ಹಿಂದಕ್ಕೆ ಎಳೆಯಿರಿ, ಪುನರ್ವಸುವಿನ ಕಡೆ ಹೋಗಬೇಕು. ಆಕಾಶ ಮಸುಕಾಗಿದ್ದರೆ ಉಲ್ಕೆಯಿಲ್ಲದ ಅಕ್ಕಪಕ್ಕದ ಚಿತ್ರಗಳ ಸರಾಸರಿಯನ್ನು ಕಂಪ್ಯೂಟರಿನಲ್ಲಿ ಇದರಿಂದ ಕಳೆಯಿರಿ. ಊರಿನ ಹೊಳಪು ಹೋಗಿ ಉಲ್ಕೆ ಉಳಿಯುತ್ತದೆ. ಗಿಂಪ್‌ನಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು.

2023ರ ಡಿಸೆಂಬರಿನಲ್ಲಿ ಈ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಬೆಂಗಳೂರಿನ ಒಂದು ಕಾಲೇಜಿನ ತಾರಸಿಯಲ್ಲಿ ಕುಳಿತಿದ್ದಾಗ ಬಿ.ಎಸ್ಸಿ. ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು. "ಸರ್, ಸಿಕ್ಕಿದ ಉಲ್ಕೆಗಳನ್ನೆಲ್ಲ ಒಂದೇ ಚಿತ್ರಕ್ಕೆ ಸೇರಿಸಿದರೆ ಅದು ಸುಳ್ಳಲ್ಲವೇ?" ಹೂಬಾಣದಂಥ ಆ ಪ್ರಸಿದ್ಧ ಚಿತ್ರಗಳೆಲ್ಲ ಬಹುಪಾಲು ಹೀಗೆ ಹಲವು ಗಂಟೆಗಳ ಚಿತ್ರಗಳನ್ನು ಕೂಡಿಸಿದವು. ನಾವು ದೂರದರ್ಶನದವರೂ ಆರು ಗಂಟೆಯ ರಾತ್ರಿಯನ್ನು ಅರ್ಧ ನಿಮಿಷಕ್ಕೆ ಕತ್ತರಿಸುತ್ತೇವೆ. ನನ್ನ ಅಭಿಪ್ರಾಯವನ್ನು ಅವಳಿಗೆ ಹೇಳಿದೆ. ಕೂಡಿಸಬಹುದು, ಆದರೆ ಎಷ್ಟು ಗಂಟೆ, ಎಷ್ಟು ಚಿತ್ರ ಎಂದು ಕೆಳಗೆ ಬರೆಯಬೇಕು. ಬರೆಯದ ಚಿತ್ರವನ್ನು ನೋಡಿಯೇ ಅಲ್ಲವೇ ಒಂಬತ್ತೂವರೆಗೆ ಮಲಗಿದವರು ಮೋಸಹೋದದ್ದು. ಅವಳು ತನ್ನ ಚಿತ್ರಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಳು, ಪ್ರತಿಯೊಂದರ ಕೆಳಗೂ ಸಮಯ ಬರೆದು. ಅದು ನನ್ನ ಸಲಹೆಗಿಂತ ಒಳ್ಳೆಯದಾಗಿತ್ತು. ಏಕೆಂದರೆ ಸಮಯ ಬರೆದ ಚಿತ್ರದಿಂದ ಇನ್ನೂ ಒಂದು ಕೆಲಸ ಆಗುತ್ತದೆ.

ಬೆಂಗಳೂರಿನಲ್ಲಿ ನೀವು, 50 ಕಿಲೋಮೀಟರ್ ದೂರದ ರಾಮನಗರದಲ್ಲಿ ನಿಮ್ಮ ಸ್ನೇಹಿತರು. ಇಬ್ಬರ ಕ್ಯಾಮೆರಾ ಗಡಿಯಾರಗಳೂ ಮೊಬೈಲಿನ ಸಮಯಕ್ಕೆ ಸೆಕೆಂಡಿನವರೆಗೆ ಹೊಂದಿಕೊಂಡಿರಲಿ. ನೀವು ನೇರ ನೆತ್ತಿಗೆ ಕ್ಯಾಮೆರಾ ತಿರುಗಿಸಿ, ಅವರು ಈಶಾನ್ಯಕ್ಕೆ ದಿಗಂತದಿಂದ 63 ಡಿಗ್ರಿ ಮೇಲೆ ತಿರುಗಿಸಲಿ. ಆಗ ಇಬ್ಬರೂ ಬೆಂಗಳೂರಿನ ಮೇಲೆ 100 ಕಿಲೋಮೀಟರ್ ಎತ್ತರದ ಒಂದೇ ಜಾಗವನ್ನು ನೋಡುತ್ತಿರುತ್ತೀರಿ. ಮುಖದ ಮುಂದೆ ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಬೆರಳು ಸರಿದಂತೆ ಕಾಣುತ್ತದಲ್ಲ, ಹಾಗೆ ಒಂದೇ ಉಲ್ಕೆ ಎರಡು ಊರುಗಳಿಂದ ಬೇರೆಬೇರೆ ತಾರೆಗಳ ಮುಂದೆ ಕಾಣುತ್ತದೆ. 1930ರ ದಶಕದಲ್ಲಿ ಹಾರ್ವರ್ಡಿನಲ್ಲಿ ಇದೇ ಫ್ರೆಡ್ ವಿಪ್ಪಲ್ ಎರಡು ಸ್ಥಳಗಳಿಂದ ಹೀಗೆಯೇ ಉಲ್ಕೆಗಳ ಎತ್ತರವನ್ನು ಅಳೆದರು. ಗಂಟೆಗೆ ಎರಡೇ ಉಲ್ಕೆ ಸಿಗುವ ಆಕಾಶದಲ್ಲಿ ಇದಕ್ಕೆ ಎರಡು ಮೂರು ರಾತ್ರಿಗಳು ಬೇಕಾದಾವು. 12ರಿಂದ 14ರವರೆಗೆ ಮೂರೂ ರಾತ್ರಿ ಪ್ರಯತ್ನಿಸಿ.

ಸಿಕ್ಕ ಉಲ್ಕೆ ನಿಮಗೆ ಸರಿಯಾಗಿ ನೆತ್ತಿಯ ಮೇಲೆ ಕಂಡು, ರಾಮನಗರದ ಚಿತ್ರದಲ್ಲಿ ನೆತ್ತಿಯಿಂದ 29 ಡಿಗ್ರಿ ಓರೆಯಾಗಿ ಕಂಡಿತು ಎಂದಿಟ್ಟುಕೊಳ್ಳಿ. 50ನ್ನು 29 ಡಿಗ್ರಿಯ ಟ್ಯಾನ್ ಬೆಲೆಯಾದ 0.554ರಿಂದ ಭಾಗಿಸಿ. 90 ಕಿಲೋಮೀಟರ್ ಬರುತ್ತದೆ. ನೆತ್ತಿಯಿಂದ ಆಚೆ ಇದ್ದರೆ ಲೆಕ್ಕ ಸ್ವಲ್ಪ ಉದ್ದವಾಗುತ್ತದೆ, ನಿಮ್ಮ ಗಣಿತದ ಮೇಷ್ಟರನ್ನು ಕೂರಿಸಿಕೊಂಡು ಮಾಡಿ.